ಪಾಟ್ಟು ಮಿಷಿನಿಗೆ ಇಟ್ಟ ಬೊಟ್ಟು

ಕುನ್ನತ್ತೂರು
29 ಜೂನ್ 2025

ಮಾನ್ಯ ಶಂಕರಪ್ಪ ಸಾರ್ ಅವರಿಗೆ, ಕುನ್ನತ್ತೂರು ಟೀ ಅಂಗಡಿಯ ಕಮಲಾತಾಳ್ ಮಾಡುವ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹೋದ ಭಾನುವಾರ ನಿಮ್ಮ ಮಗಳು ಭೂಮಿ ಆಫೀಸಿನ ಸ್ನೇಹಿತರ ಜೊತೆ ಬೈಕಿನಲ್ಲಿ ಹೋಗುವಾಗ ನಮ್ಮ ಅಂಗಡಿಯಲ್ಲಿ ಟೀ ಕುಡಿಯಲು ನಿಂತರು. ನಾನು ಒಳಗೆ ನಮ್ಮ ಯಜಮಾನರನ್ನು ಬೈಯುತ್ತಿದ್ದೆ. ಭೂಮಿ ಎದ್ದು ಬಂದು, "ಅಯ್ಯೋ, ಇಲ್ಲಿ ಕನ್ನಡದಲ್ಲಿ ಬೈತಾರಲ್ಲ!" ಎಂದು ನಕ್ಕರು. ನಾವು ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದವರು. ಮನೆಯಲ್ಲಿ ಕನ್ನಡ, ಬೀದಿಗೆ ಇಳಿದರೆ ತಮಿಳು. ಆದರೆ ಕನ್ನಡ ಓದಲು ಬರೆಯಲು ಈ ಮನೆಯಲ್ಲಿ ನನಗೆ ಮಾತ್ರ ಬರುತ್ತದೆ. ನಾನು ತಾಳವಾಡಿಯ ಹುಡುಗಿ, ಅಲ್ಲಿ ಕನ್ನಡ ಸ್ಕೂಲು ಇತ್ತು. ಏಳನೇ ಕ್ಲಾಸಿನ ನಡುವೆ ಬಿಡಿಸಿದರು. ತಪ್ಪುಗಳು ಇದ್ದರೆ ಕೋಪ ಮಾಡಿಕೊಳ್ಳಬೇಡಿ.

ವಿಷಯ ಏನೆಂದರೆ ನಮ್ಮ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಆಟದ ಮಿಷಿನ್ ಇದೆ. ಮಂಚದಷ್ಟು ಉದ್ದ, ಮೇಲೆ ಗಾಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಒಂದು ಉಕ್ಕಿನ ಗುಂಡು ಮೇಲಕ್ಕೆ ಓಡುತ್ತದೆ, ಕಂಬಗಳಿಗೆ ಬಡಿದು ಬಡಿದು ಕೆಳಗೆ ಬರುತ್ತದೆ. ಕೆಳಗೆ ಎರಡು ಕೈ ಇವೆ, ಗುಂಡಿ ಒತ್ತಿ ಆ ಕೈಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಒಂದು ಆಟಕ್ಕೆ ಐದು ಗುಂಡು. ಹೊಡೆದಾಗೆಲ್ಲ ಒಳಗೆ ಮೂರು ಲೋಹದ ಪಟ್ಟಿಗಳು ಗಂಟೆಯ ಹಾಗೆ ನುಡಿಯುತ್ತವೆ, ಅಂಕಿಯ ಉರುಳೆ ತಿರುಗುತ್ತದೆ. ಎದುರಿನ ನಿಂತ ಗಾಜಿನ ಮೇಲೆ ಬ್ಯಾಂಡಿನವರ ಚಿತ್ರ: ಕಹಳೆ ಊದುವವನು, ಡ್ರಮ್ ಬಡಿಯುವವನು, ಮಧ್ಯದಲ್ಲಿ ಕೆಂಪು ಗೌನು ಹಾಕಿ ಹಾಡುವ ಹೆಂಗಸು. ಅದಕ್ಕೇ ಇಲ್ಲಿ ಎಲ್ಲರೂ ಪಾಟ್ಟು ಮಿಷಿನ್ ಅನ್ನುತ್ತಾರೆ, ಹಾಡಿನ ಮಿಷಿನ್ ಅಂತ. ನಮ್ಮ ಮಾವ ಕೊಯಮತ್ತೂರಿನ ಒಂದು ಮಿಲ್ಲಿನ ಆಫೀಸರುಗಳ ಕ್ಲಬ್ಬಿನಲ್ಲಿ ಅಡುಗೆಯವರಾಗಿದ್ದರು. ಕ್ಲಬ್ಬು ಮುಚ್ಚಿದಾಗ ಅದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದರು.

ಈಗ ಅದು ಓಡುವುದಿಲ್ಲ. ದೀಪ ಹತ್ತುತ್ತದೆ, ಅಷ್ಟೇ. ಮೋಟಾರು ಕಟ್ಟುವವರನ್ನು ಕರೆದೆ, "ಇದು ಮೋಟಾರಲ್ಲಕ್ಕಾ, ಇದರೊಳಗೆ ಒಂದು ಊರೇ ಇದೆ" ಎಂದು ಹೋದರು. ಭೂಮಿ ಒಳಗೆ ಇಣುಕಿ ನೋಡಿ, "ನಮ್ಮಪ್ಪ ಹಾವೇರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವನ ಪೂರ್ತಿ ಇಂಥ ರಿಲೇಗಳನ್ನೇ ನೋಡಿಕೊಂಡಿದ್ದರು. ಈಗ ತುಡಿಯಲೂರಿನಲ್ಲಿ ನನ್ನ ಜೊತೆ ಸುಮ್ಮನೆ ಕೂತಿದ್ದಾರೆ. ಬರೆಯಿರಿ, ಆದರೆ ಫೋನ್ ಮಾಡಬೇಡಿ" ಎಂದು ವಿಳಾಸ ಕೊಟ್ಟರು.

ನೀವು ದೊಡ್ಡ ಕೆಲಸದಲ್ಲಿದ್ದವರು. ಕೇಳುವುದು ತಪ್ಪಾದರೆ ಈ ಕಾಗದ ಹರಿದು ಹಾಕಿ. ಆದರೆ ನನಗೆ ಅದು ಓಡಬೇಕು ಸಾರ್.

ಇಂತಿ,
ಕಮಲಾತಾಳ್


ತುಡಿಯಲೂರು
5 ಜುಲೈ 2025

ಶ್ರೀಮತಿ ಕಮಲಾತಾಳ್ ಅವರಿಗೆ,

ಪತ್ರ ತಲುಪಿತು. ಭೂಮಿ ತೆಗೆದ ಚಿತ್ರಗಳನ್ನೂ ನೋಡಿದೆ. ನಿಮ್ಮ ಮಿಷಿನಿನಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ತಂತಿ ಸುತ್ತಿದ ಕಾಯಿಲ್, ಅದು ಎಳೆಯುವ ಕಬ್ಬಿಣದ ನಾಲಿಗೆ, ತಾಗುವ ಮತ್ತು ಬಿಡುವ ಕಾಂಟ್ಯಾಕ್ಟು ಪಟ್ಟಿಗಳು. ನಮ್ಮ ಹಳೆಯ ಎಕ್ಸ್‌ಚೇಂಜಿನ ತಮ್ಮ ಎನ್ನಬಹುದು. ದೀಪ ಹತ್ತುತ್ತದೆ ಎಂದರೆ ಟ್ರಾನ್ಸ್‌ಫಾರ್ಮರು ಸರಿ ಇದೆ. ತೊಂದರೆ ಎಲ್ಲೋ ಕಾಂಟ್ಯಾಕ್ಟುಗಳಲ್ಲಿ ಇರಬೇಕು.

ಪ್ಲಗ್ ಕಿತ್ತು, ಮೇಲಿನ ಗಾಜು ಸರಿಸಿ, ಹಲಗೆ ಎತ್ತಿ, ಒಳಗೆ ಏನು ಕಾಣುತ್ತದೆಯೋ ಅದನ್ನು ಕಂಡ ಹಾಗೇ ಬರೆಯಿರಿ. ಊಹೆ ಬೇಡ.

ಎರಡು ಪ್ರಶ್ನೆ. ಒಂದು, ಚಿತ್ರದ ಗಾಯಕಿಯ ಹಣೆಯಲ್ಲಿ ಕುಂಕುಮ ಏಕಿದೆ? ಮಿಷಿನು ಮಾಡಿದವರು ಇಟ್ಟದ್ದಂತೂ ಅಲ್ಲ. ಎರಡು, ಆ ಮೂರು ಪಟ್ಟಿಗಳ ಶಬ್ದ ಹೇಗಿದೆ? ಕೈಯಿಂದ ತಟ್ಟಿ ನೋಡಿ, ವಿವರವಾಗಿ ಬರೆಯಿರಿ.

ಶಂಕರಪ್ಪ


ಕುನ್ನತ್ತೂರು
14 ಜುಲೈ 2025

ಶಂಕರಪ್ಪ ಸಾರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಗಲ್ಲಾದ ಮೇಲೆ ತೆರೆದೇ ಇಟ್ಟಿದ್ದೇನೆ. ಯಾರಿಗೂ ಓದಲು ಬರುವುದಿಲ್ಲ, ಅದೊಂದು ಧೈರ್ಯ. ನಮ್ಮ ಮೈದುನ ಭೂಪತಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, "ಏನತ್ತಿಗೆ, ಜಿಲೇಬಿ ಅಂಗಡಿ ಬಿಲ್ಲಾ?" ಎಂದ.

ಪ್ಲಗ್ ಕಿತ್ತೆ. ಕಿತ್ತ ಮೇಲೂ ಭಯ. ವಯರನ್ನು ಸುತ್ತಿ ನನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು, ರಬ್ಬರ್ ಚಪ್ಪಲಿ ಹಾಕಿಕೊಂಡು ಹಲಗೆ ಎತ್ತಿದೆ. ಯಜಮಾನರು ದೂರ ನಿಂತು, "ಪ್ಲಗ್ ನಿನ್ನ ಹತ್ರಾನೇ ಇದೆ, ಕರೆಂಟು ಎಲ್ಲಿಂದ ಬರತ್ತೆ, ಆಕಾಶದಿಂದಾ?" ಅಂದರು. ಬರಲಿಕ್ಕೂ ಸಾಕು ಅನ್ನಿಸಿತು.

ಸಾರ್, ಒಳಗೆ ಕಂಡದ್ದನ್ನು ಹೇಗೆ ಬರೆಯಲಿ? ಎಲ್ಲದರ ಮೇಲೂ ಬೊಟ್ಟು ಇದೆ. ಗಂಧ, ಅದರ ಮೇಲೆ ಕುಂಕುಮ. ನೀವು ಹೇಳಿದ ಕಾಂಟ್ಯಾಕ್ಟು ಪಟ್ಟಿಗಳ ತುದಿ ತುದಿಗೂ ಒಂದೊಂದು. ಕಾಯಿಲಿಗೆ ವಿಭೂತಿ ಪಟ್ಟೆ. ಅಂಕಿಯ ಉರುಳೆಗಳಿಗೆ ಬೊಟ್ಟು. ಗಂಟೆಯ ಮೂರು ಪಟ್ಟಿಗಳ ಮೇಲಂತೂ ಗಂಧ ಒಣಗಿ, ಅದರ ಮೇಲೆ ಮತ್ತೆ ಗಂಧ, ಹಳೇ ಗೋಡೆಯ ಸುಣ್ಣದ ಹಾಗೆ ಪದರ ಪದರ.

ಇದು ನಮ್ಮ ಅತ್ತೆ ಅಂಗಮ್ಮನವರ ಕೆಲಸ. ಪ್ರತಿ ವರ್ಷ ಆಯುಧಪೂಜೆಗೆ ಬಾಯ್ಲರು, ಗ್ರೈಂಡರು, ತಕ್ಕಡಿ ಎಲ್ಲಕ್ಕೂ ಬೊಟ್ಟು ಇಡುತ್ತೇವೆ. ಅತ್ತೆ ಪಾಟ್ಟು ಮಿಷಿನಿನ ಹಲಗೆ ಎತ್ತಿಸಿ, ಒಳಗೆ ಕೈ ಹಾಕಿ, "ಒಂದನ್ನ ಬಿಟ್ರೂ ಅದು ಮುನಿಸ್ಕೊಳ್ಳತ್ತೆ" ಎಂದು ಒಂದೊಂದಕ್ಕೂ ಇಡುತ್ತಿದ್ದರು. ಹಾಡುವ ಹೆಂಗಸಿಗೂ ಅವರೇ ಇಟ್ಟದ್ದು. "ಬೋಳು ಹಣೇಲಿ ಪಾಡಬಾರ್ದು" ಎಂದರು. ಅವರಿಗೆ ಈಗ ಎಂಬತ್ತು ದಾಟಿದೆ. ಈಗಲೂ ಇಡುತ್ತಾರೆ. ಮಿಷಿನ್ ಮಂಕಾದಷ್ಟೂ ಜಾಸ್ತಿ ಇಟ್ಟರು.

ಇದೇ ತೊಂದರೆಯಾ ಸಾರ್? ಇಲ್ಲ ಎಂದು ಬರೆಯಿರಿ. ಹೌದು ಎಂದಾದರೆ ಅವರಿಗೆ ಯಾರು ಹೇಳುವುದು? ಇಟ್ಟ ಬೊಟ್ಟನ್ನು ಒರೆಸುವುದು ಒಳ್ಳೆಯದಾ? ಅದೂ ಈ ಗುರುವಾರ ಆಡಿ ತಿಂಗಳು ಹುಟ್ಟುತ್ತದೆ, ಆಡಿಯಲ್ಲಿ ಇಲ್ಲಿ ಯಾರೂ ಏನನ್ನೂ ಶುರು ಮಾಡುವುದಿಲ್ಲ.

ಇನ್ನೊಂದು. ಆ ಮೂಲೆಯಲ್ಲಿ ಐಸ್‌ಕ್ರೀಮ್ ಪೆಟ್ಟಿಗೆ ಇಡಬೇಕೆಂದು ಭೂಪತಿಗೆ ಆಸೆ. ಅಂಗಡಿಯಲ್ಲಿ ಅವನದೂ ಅರ್ಧ ಪಾಲು. ನಿನ್ನೆ ಎಲ್ಲರ ಎದುರಿಗೂ ಹೇಳಿದ: "ಆಯುಧಪೂಜೆ ದಿನ ಅಂಗಡೀಲಿ ಇರೋ ಮಿಷಿನೆಲ್ಲ ಓಡಬೇಕು. ಓಡದೇ ಇರೋದಕ್ಕೆ ಪೂಜೆ ಏನಕ್ಕೆ? ಅವತ್ತೇ ಹಳೇ ಕಬ್ಬಿಣದವನ ಟೆಂಪೋ ಬರತ್ತೆ, ಹೇಳಿಟ್ಟಿದೀನಿ." ಯಜಮಾನರು ನಂಜುಂಡನ್ ತಲೆ ಆಡಿಸಿದರು. ಅವರು ಎಲ್ಲದಕ್ಕೂ ಆಡಿಸುತ್ತಾರೆ.

ಇಂತಿ,
ಕಮಲಾತಾಳ್


ತುಡಿಯಲೂರು
18 ಜುಲೈ 2025

ಶ್ರೀಮತಿ ಕಮಲಾತಾಳ್ ಅವರಿಗೆ,

ಹೌದು. ಅದೇ ತೊಂದರೆ. ಒಣಗಿದ ಗಂಧದ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಆಡಿ ತಿಂಗಳೆಂಬುದು ಕಾಂಟ್ಯಾಕ್ಟುಗಳಿಗೆ ಗೊತ್ತಿಲ್ಲ.

ಮೆಡಿಕಲ್ ಶಾಪಿನಲ್ಲಿ ಸರ್ಜಿಕಲ್ ಸ್ಪಿರಿಟ್ ಸಿಗುತ್ತದೆ. ದಪ್ಪ ಕಾಗದವನ್ನು ಬೆರಳಗಲ ಪಟ್ಟಿ ಮಾಡಿ ಅದರಲ್ಲಿ ಅದ್ದಿ. ಮದುವೆಯ ಕರೆಯೋಲೆ ಬಹಳ ಒಳ್ಳೆಯದು. ಎರಡು ಕಾಂಟ್ಯಾಕ್ಟುಗಳ ನಡುವೆ ತೂರಿಸಿ, ಮೇಲಿನದನ್ನು ಮೆತ್ತಗೆ ಒತ್ತಿ ಹಿಡಿದು, ಕಾಗದವನ್ನು ಎಳೆಯಿರಿ. ಕಾಗದ ಬಿಳಿಯಾಗಿ ಹೊರಬರುವ ತನಕ. ಉಪ್ಪುಕಾಗದ ಮುಟ್ಟಿಸಬೇಡಿ. ಗಂಟೆ ಪಟ್ಟಿಗಳನ್ನು ಕಳಚಿ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಆರುವ ತನಕ ಪ್ಲಗ್ ಹಾಕಕೂಡದು, ಹತ್ತಿರ ಒಲೆ ಇರಕೂಡದು.

ನಿಮ್ಮ ಅತ್ತೆಯವರ ವಿಷಯ ನನ್ನ ಇಲಾಖೆಗೆ ಬರುವುದಿಲ್ಲ.

ಶಬ್ದ ಹೇಗಿದೆ ಎಂದು ಕೇಳಿದ್ದೆ. ನೀವು ಬರೆದಿಲ್ಲ.

ಶಂಕರಪ್ಪ


ಕುನ್ನತ್ತೂರು
12 ಆಗಸ್ಟ್ 2025

ಶಂಕರಪ್ಪ ಸಾರ್ ಅವರಿಗೆ ನಮಸ್ಕಾರ.

ತಡವಾಯಿತು, ಬೈಯಬೇಡಿ. ಆಡಿಯ ಮೊದಲ ವಾರ ಸುಮ್ಮನೆ ಕೂತು ಹೆದರಿದೆ. ಆಮೇಲೆ, ಹೆದರಿಕೊಂಡೇ ಕೂತರೆ ಟೆಂಪೋ ಬಂದುಬಿಡುತ್ತದೆ ಎಂದು ಎದ್ದೆ. ಅತ್ತೆ ಮಧ್ಯಾಹ್ನ ಊಟ ಮಾಡಿ ಮಲಗಿದಾಗ ಮಾತ್ರ ಕೆಲಸ. ಅವರು ಎದ್ದರೆ ಹಲಗೆ ಮುಚ್ಚಿ ಮೇಲೆ ಬನ್ನಿನ ತಟ್ಟೆ ಇಡುತ್ತಿದ್ದೆ. ಮನೆಯಲ್ಲಿದ್ದ ಮದುವೆ ಕಾರ್ಡೆಲ್ಲ ಮುಗಿಯಿತು. ಒಂದು ಕಾರ್ಡಿನ ಮದುವೆ ಇನ್ನೂ ಆಗಿಯೇ ಇರಲಿಲ್ಲ, ಯಜಮಾನರು ದಿನಾಂಕ ಕೇಳಿದಾಗ ಬಾಯಿ ಬಿಡಲಿಲ್ಲ.

ಕಾಗದ ಮೊದಲು ಕೆಂಪಗೆ ಬರುತ್ತಿತ್ತು, ಆಮೇಲೆ ಹಳದಿ, ಆಮೇಲೆ ಬಿಳಿ. ಹೋದ ಶುಕ್ರವಾರ ಪ್ಲಗ್ ಹಾಕಿದೆ. ಟಕ್ ಎಂದಿತು ಸಾರ್! ಒಳಗೆ ಏನೋ ಗರಗರ ತಿರುಗಿ, ಉರುಳೆಗಳು ಒಂದೊಂದಾಗಿ ಸೊನ್ನೆಗೆ ಬಂದು ನಿಂತವು. ನಾನು ಓಡಿ ಹೋಗಿ ಬಾಗಿಲ ಹತ್ತಿರ ನಿಂತುಕೊಂಡೆ.

ಆದರೆ ಗುಂಡು ಮೇಲೆ ಹೋದದ್ದು ಅಲ್ಲೇ ಕೂತುಬಿಟ್ಟಿತು. ಕೆಳಗೆ ಬರಲೇ ಇಲ್ಲ, ಕೆರೆಗೆ ಇಳಿದ ಎಮ್ಮೆಯ ಹಾಗೆ. ಮತ್ತೆ ಏನು ಕೆಡಿಸಿದೆನೋ ಎಂದು ಪ್ಲಗ್ ಕಿತ್ತೆ. ಆಮೇಲೆ ಯಜಮಾನರು ಮೀಸೆ ಸವರುತ್ತಾ, "ನಾನು ಮಟ್ಟ ಮಾಡಿಟ್ಟಿದೀನಲ್ಲ" ಎಂದರು. ಮೊದಲು ಅವರು ಬಾವಿಗಳಿಗೆ ಪಂಪು ಕೂರಿಸುತ್ತಿದ್ದವರು. ಮಿಷಿನ್ ಓರೆಯಾಗಿದೆ ಎಂದು ರಸಮಟ್ಟ ಇಟ್ಟು ನೋಡಿ, ಮುಂದಿನ ಕಾಲುಗಳ ಕೆಳಗೆ ಇಟ್ಟಿಗೆ ತುಂಡು ಕೊಟ್ಟಿದ್ದಾರೆ! ಇಟ್ಟಿಗೆ ಒದ್ದು ತೆಗೆದೆ. ಗುಂಡು ಇಳಿಯಿತು.

ಎಲ್ಲವನ್ನೂ ಒರೆಸಿದೆ. ಗಂಟೆ ಪಟ್ಟಿಗಳನ್ನೂ. ಶಬ್ದ ಚೆನ್ನಾಗಿದೆ.

ಒಂದು ಮಾತು ಹೇಳಬೇಕು. ಮಿಷಿನಿನ ಮೇಲೆ ಗೋಡೆಯಲ್ಲಿ ಕೆಂಪು ಪೇಂಟಿನಲ್ಲಿ ಒಂದು ದೊಡ್ಡ ಅಂಕಿ, ಪಕ್ಕದಲ್ಲಿ ನಂಜುಂಡನ್ ಎಂಬ ಹೆಸರು ಇದೆ. ಅದನ್ನು ಇದುವರೆಗೆ ಯಾರೂ ದಾಟಿಲ್ಲ. ಅದು ಅವರು ಆಡಿದ್ದಲ್ಲ, ನಾನು ಆಡಿದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಬೆಳಿಗ್ಗೆ ಬಾಯ್ಲರು ಹತ್ತಿಸಿ, ನೀರು ಕುದಿಯುವ ತನಕ ಒಬ್ಬಳೇ ಆಡುತ್ತಿದ್ದೆ. ಆಟ ಮುಗಿದರೂ ಹೊಸ ಆಟ ಶುರುವಾಗುವ ತನಕ ಅಂಕಿ ಹಾಗೇ ನಿಂತಿರುತ್ತದೆ. ಒಂದು ದಿನ ಅಳಿಸಲು ಮರೆತೆ. ಮಾವ ನೋಡಿ, ಮಗನೇ ಆಡಿದ್ದು ಎಂದು ಖುಷಿಯಾಗಿ ಪೇಂಟ್ ತರಿಸಿಬಿಟ್ಟರು. ಸೊಸೆ ಆಡುತ್ತಾಳೆ ಎಂದು ಆಗ ಹೇಳುವುದು ಹೇಗೆ? ಯಜಮಾನರು ತಲೆ ಆಡಿಸಿದರು. ನನಗೆ ಯಾವುದಕ್ಕೂ ಕೈ ನಡುಗುತ್ತದೆ ಸಾರ್, ಟೀ ಲೋಟ ಕೊಡುವಾಗಲೂ. ಅದರ ಮುಂದೆ ನಿಂತಾಗ ಮಾತ್ರ ನಡುಗುತ್ತಿರಲಿಲ್ಲ. ಅದಕ್ಕೇ ಅದು ಬೇಕು.

ನಿಮ್ಮ ಮಗಳು ಫೋನ್ ಬೇಡ ಎಂದಿದ್ದರು, ಆದರೆ ಅವರು ಕೊಟ್ಟ ಚೀಟಿಯಲ್ಲಿ ನಿಮ್ಮ ನಂಬರೂ ಇದೆ. ಬರುವ ಭಾನುವಾರ ಆಡಿ ಮುಗಿದಿರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಗಂಟೆಯ ಹತ್ತಿರ ಹಿಡಿಯುತ್ತೇನೆ. ನೀವೇ ಕೇಳಿ.

ಇಂತಿ,
ಕಮಲಾತಾಳ್


ತುಡಿಯಲೂರು
20 ಆಗಸ್ಟ್ 2025

ಶ್ರೀಮತಿ ಕಮಲಾತಾಳ್ ಅವರಿಗೆ,

ಭಾನುವಾರ ನಿಮ್ಮ ಫೋನು ಸರಿಯಾದ ಸಮಯಕ್ಕೆ ಬಂತು. ಗಂಟೆಗಳನ್ನು ಕೇಳಿದೆ. ಬಹಳ ಸ್ಪಷ್ಟವಾಗಿವೆ. ಮೂರೂ ಬೇರೆ ಬೇರೆಯಾಗಿ, ಇಂಪಾಗಿ ಕೇಳಿಸಿದವು. ಒಬ್ಬ ತಂತ್ರಜ್ಞ ಇದಕ್ಕಿಂತ ಚೆನ್ನಾಗಿ ಶುಚಿ ಮಾಡಲಾರ. ನಿಮ್ಮನ್ನು ಅಭಿನಂದಿಸುತ್ತೇನೆ.

ಆ ಗೋಡೆಯ ಅಂಕಿ ಓದಿ ಬಹಳ ದಿನಗಳ ನಂತರ ನಕ್ಕೆ. ಭೂಮಿ ಅಡುಗೆಮನೆಯಿಂದ ಬಂದು ನೋಡಿದಳು.

ಶಂಕರಪ್ಪ


ಕುನ್ನತ್ತೂರು
24 ಆಗಸ್ಟ್ 2025

ಶಂಕರಪ್ಪ ಸಾರ್ ಅವರಿಗೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಎರಡು ದಿನ ಊಟ ಸೇರಲಿಲ್ಲ.

ಸಾರ್, ಗಂಟೆ ಪಟ್ಟಿಗಳನ್ನು ನಾನು ಒರೆಸಲೇ ಇಲ್ಲ. ನಿಮಗೆ ಸುಳ್ಳು ಬರೆದೆ. ಕಾಂಟ್ಯಾಕ್ಟಿನ ಬೊಟ್ಟು ಸಣ್ಣದು, ಯಾರಿಗೂ ಕಾಣುವುದಿಲ್ಲ. ಪಟ್ಟಿಗಳ ಮೇಲಿನದು ಅತ್ತೆ ಪ್ರತಿ ವರ್ಷ ಮೊದಲು ಹುಡುಕುವ ಜಾಗ. ಒಂದರ ಮೇಲೆ ಅವರ ಬೆರಳ ಗುರುತು ಹಾಗೇ ಒಣಗಿ ನಿಂತಿದೆ. ಬಟ್ಟೆ ಹಿಡಿದು ಹೋಗುತ್ತೇನೆ, ಕೈ ವಾಪಸ್ ಬರುತ್ತದೆ. ಭಾನುವಾರ ಫೋನು ಹಿಡಿದಾಗ ಬಂದದ್ದು ದೊಬ್ ದೊಬ್ ಎಂಬ ಸದ್ದು, ಹಿಟ್ಟಿನ ಮೂಟೆಗೆ ಗುದ್ದಿದ ಹಾಗೆ. ನೀವು ಬೈದು, "ಸುಳ್ಳಿ, ಒರೆಸು" ಅನ್ನುತ್ತೀರಿ, ಆಗ ಒರೆಸಲು ಧೈರ್ಯ ಬರುತ್ತದೆ ಅಂದುಕೊಂಡಿದ್ದೆ.

ನೀವು ಇಂಪಾಗಿದೆ ಎಂದಿರಿ. ಇದು ಗೇಲಿಯಾ? ನಾನು ಓದದವಳು, ಆದರೂ ಅಷ್ಟು ತಿಳಿಯುತ್ತದೆ. ಸಾಕಾಗಿದ್ದರೆ ಸಾಕು ಎಂದು ಬರೆಯಬಹುದಿತ್ತು. ನಿಮಗೆ ಇನ್ನು ತೊಂದರೆ ಕೊಡುವುದಿಲ್ಲ.

ಕಮಲಾತಾಳ್


ಕುನ್ನತ್ತೂರು
9 ಸೆಪ್ಟೆಂಬರ್ 2025

ಶಂಕರಪ್ಪ ಅಣ್ಣನವರಿಗೆ ನಮಸ್ಕಾರ.

ತೊಂದರೆ ಕೊಡುವುದಿಲ್ಲ ಎಂದು ಬರೆದವಳೇ ಮತ್ತೆ ಬರೆಯುತ್ತಿದ್ದೇನೆ. ನಿಮ್ಮಿಂದ ಉತ್ತರ ಬರಲಿಲ್ಲ. ಪೋಸ್ಟ್‌ಮನ್ ಸೈಕಲ್ ಕಂಡಾಗೆಲ್ಲ ಒಲೆ ಬಿಟ್ಟು ಬಾಗಿಲಿಗೆ ಬರುತ್ತೇನೆ.

ನಿನ್ನೆ ನಮ್ಮ ಅಂಗಡಿಗೆ ಬಾಲಸುಬ್ರಮಣಿಯನ್ ಬಂದಿದ್ದರು, ಪವರ್‌ಲೂಮಿನಲ್ಲಿ ವಯಸ್ಸೆಲ್ಲ ನಿಂತವರು. ಯಾರೋ ಅವರನ್ನು, "ಅಣ್ಣಾ, ಮಗನಿಗೆ ಮಗು ಆಯ್ತಾ?" ಎಂದು ಕೇಳಿದರು. "ಆಮಾ ಆಮಾ, ನಲ್ಲಾ ಇರುಕ್ಕು" ಎಂದರು. ಅವರ ಮಗನಿಗೆ ಮದುವೆಯೇ ಆಗಿಲ್ಲ. ಎಲ್ಲರೂ ನಕ್ಕರು, ಅವರೂ ನಕ್ಕರು. ನಮ್ಮ ಕಡೆ ಲೂಮಿನವರೆಲ್ಲ ಹೀಗೇ. ಮಗ್ಗದ ಸದ್ದಿಗೆ ಕಿವಿ ಹೋಗಿದೆ ಎಂದು ಹೇಳುವುದಿಲ್ಲ, ಏನು ಕೇಳಿದರೂ ಹೌದು, ಚೆನ್ನಾಗಿದೆ, ಅನ್ನುತ್ತಾರೆ.

ಟೀ ಸೋಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಫೋನ್ ಮಾಡಬೇಡಿ ಎಂದು ನಿಮ್ಮ ಮಗಳು ಹೇಳಿದ್ದು. ಮೊದಲ ಎರಡು ಕಾಗದಗಳಲ್ಲೂ ಶಬ್ದ ಹೇಗಿದೆ ಬರೆಯಿರಿ, ಬರೆಯಿರಿ, ಎಂದು ನೀವು ಕೇಳಿದ್ದು. ನಾನು ಅದನ್ನು ಪರೀಕ್ಷೆ ಅಂದುಕೊಂಡೆ. ಅದಕ್ಕೇ ಚೆನ್ನಾಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ.

ನಾನು ತಪ್ಪು ತಿಳಿದಿದ್ದರೆ ಈ ಕಾಗದಕ್ಕೂ ಉತ್ತರ ಬೇಡ. ಸರಿಯಾಗಿ ತಿಳಿದಿದ್ದರೆ ಕೇಳಿ ಅಣ್ಣಾ: ಆ ಪಟ್ಟಿಗಳನ್ನು ನಾನು ಈಗ ಒರೆಸಲೇಬೇಕು. ಇಲ್ಲದಿದ್ದರೆ ನಿಮಗೆ ಬರೆಯಲು ಶಬ್ದವೇ ಇರುವುದಿಲ್ಲ. ಅತ್ತೆಗೆ ಗೊತ್ತಾಗದ ಹಾಗೆ ಒರೆಸಿದರೆ ಆಯುಧಪೂಜೆಗೆ ಅವರು ಮತ್ತೆ ಎಲ್ಲದಕ್ಕೂ ಇಡುತ್ತಾರೆ, ಮಿಷಿನ್ ಅವತ್ತೇ ನಿಲ್ಲುತ್ತದೆ, ಟೆಂಪೋ ಬಾಗಿಲಲ್ಲೇ ಇರುತ್ತದೆ. ಆದ್ದರಿಂದ ಹೇಳಿಯೇ ಒರೆಸಬೇಕು. ಹೇಳುತ್ತೇನೆ. ಹೇಗೆ ಎಂದು ಮಾತ್ರ ಗೊತ್ತಿಲ್ಲ.

ಇಂತಿ ನಿಮ್ಮ,
ಕಮಲಾತಾಳ್


ತುಡಿಯಲೂರು
15 ಸೆಪ್ಟೆಂಬರ್ 2025

ತಂಗಿ ಕಮಲಾತಾಳ್,

ನೀವು ಸರಿಯಾಗಿಯೇ ತಿಳಿದಿದ್ದೀರಿ.

ಎಡಗಿವಿ ನಿವೃತ್ತಿಗೆ ಮುಂಚೆಯೇ ಹೋಯಿತು, ಬಲಗಿವಿ ಇಲ್ಲಿಗೆ ಬಂದ ಮೇಲೆ. ಕಿವಿಗೆ ಹಾಕುವ ಯಂತ್ರ ತಂದರು. ಅದರಲ್ಲಿ ಬಸ್ಸೂ, ಮಿಕ್ಸಿಯೂ, ಮಗಳೂ ಒಂದೇ ಆಗಿ ಕೇಳಿಸುತ್ತಾರೆ. ತೆಗೆದಿಟ್ಟೆ. ಊರೆಲ್ಲರ ಫೋನು ಕೂಡಿಸಿಕೊಟ್ಟವನು ಫೋನು ಎತ್ತಿ ಸುಮ್ಮನೆ ಹಿಡಿದುಕೊಳ್ಳುತ್ತಾನೆ ಎಂದು ಬರೆಯಲು ಆಗಲಿಲ್ಲ. ಆ ಭಾನುವಾರ ಫೋನು ಕೈಯಲ್ಲಿ ನಡುಗಿತು, ಎತ್ತಿದೆ, ಕಿವಿಗೆ ಒತ್ತಿ ಹಿಡಿದೆ. ಏನೂ ಇಲ್ಲ. "ಬಹಳ ಚೆನ್ನಾಗಿದೆ" ಎಂದು ಜೋರಾಗಿ ಹೇಳಿ ಇಟ್ಟೆ. ನಿಮ್ಮನ್ನು ಗೇಲಿ ಮಾಡಲಿಲ್ಲ. ನೀವು ಒರೆಸಿದ್ದೇನೆ ಎಂದಿದ್ದಿರಿ, ನಾನು ನಂಬಿದ್ದೆ.

ಇಲ್ಲಿ ನನಗೆ ತಮಿಳು ಬಾರದು, ಕನ್ನಡ ಕೇಳಿಸದು. ನಿಮ್ಮ ಪತ್ರಗಳಲ್ಲಿ ಮಾತ್ರ ಜನ ಮಾತಾಡುತ್ತಾರೆ. ಭೂಪತಿಯ ದನಿ ಹೇಗಿರಬಹುದು ಎಂದು ಕೂಡ ಯೋಚಿಸಿದ್ದೇನೆ. ಮೂಗಿನಲ್ಲಿ ಮಾತಾಡುತ್ತಾನೆಯೇ?

ಅತ್ತೆಯವರು ನನ್ನ ಇಲಾಖೆಯಲ್ಲ ಎಂದಿದ್ದೆ. ಈಗಲೂ ಅಲ್ಲ. ಆದರೂ ಒಂದು ಮಾತು. ಏನನ್ನೂ ಮುಚ್ಚಿಟ್ಟು ಚೆನ್ನಾಗಿದೆ ಎನ್ನಬೇಡಿ. ನಾನು ಹಾಗೆ ಮಾಡಿ ನೋಡಿದ್ದೇನೆ, ಉಪಯೋಗವಿಲ್ಲ.

ಒರೆಸಿದ ಮೇಲೆ ಬರೆಯಿರಿ. ಕಾಯುತ್ತೇನೆ.

ಶಂಕರಪ್ಪ


ಕುನ್ನತ್ತೂರು
3 ಅಕ್ಟೋಬರ್ 2025

ಶಂಕರಪ್ಪ ಅಣ್ಣನವರಿಗೆ ತಂಗಿ ಕಮಲಾತಾಳ್ ಮಾಡುವ ನಮಸ್ಕಾರ.

ಭೂಪತಿ ಮೂಗಿನಲ್ಲೇ ಮಾತಾಡುತ್ತಾನೆ. ನಿಮಗೆ ಹೇಗೆ ಗೊತ್ತಾಯಿತು?

ನಿಮ್ಮ ಕಾಗದ ಬಂದ ಮೇಲೂ ದಿನಾ ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ, ಎಂದು ದಾಟಿಸಿ ದಾಟಿಸಿ ಪೂಜೆಯ ದಿನ ಬೆಳಿಗ್ಗೆಯೇ ಆಯಿತು. ಅತ್ತೆ ಸ್ನಾನ ಮಾಡಿ ಗಂಧದ ಬಟ್ಟಲು ಹಿಡಿದು ಬಂದು, "ಹಲಗೆ ಎತ್ತು ಕಣ್ಣಮ್ಮಾ" ಎಂದರು. ಎತ್ತಿದೆ. ಅವರ ಕೈ ಒಳಗೆ ಹೋಗುವುದಕ್ಕೆ ಮುಂಚೆ ನಾನು ಹಿಡಿದುಕೊಂಡೆ. ನಾನು ಅತ್ತೆಯ ಕೈ ಹಿಡಿದದ್ದು ಅದೇ ಮೊದಲು ಅಣ್ಣಾ.

"ಅತ್ತೆ, ಬೇಡ. ಈ ಗಂಧದಿಂದಲೇ ಇದು ನಿಂತದ್ದು. ಒಳಗಿನದೆಲ್ಲ ನಾನು ಒರೆಸಿಬಿಟ್ಟಿದ್ದೇನೆ, ನೀವು ಮಲಗಿದ್ದಾಗ. ಗಂಟೆ ಮಾತ್ರ ಉಳಿದಿದೆ" ಎಂದು ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡೆ.

ಅವರು ಕೈ ಬಿಡಿಸಿಕೊಂಡರು. ಬಟ್ಟಲನ್ನು ಕೆಳಗಿಟ್ಟು, ಬಗ್ಗಿ, ಪಟ್ಟಿಯ ಮೇಲಿನ ತಮ್ಮದೇ ಬೆರಳ ಗುರುತನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರೆ ಅದರ ಗಂಟಲು ಕಟ್ಸಿದ್ದು ನಾನಾ?"

ನನಗೆ ಅಳು ಬಂತು. ಇಲ್ಲ ಎನ್ನಬೇಕು ಅನ್ನಿಸಿತು. ನಿಮ್ಮ ಕಾಗದ ನೆನಪಾಯಿತು. ಹೌದು ಅಂದೆ.

"ಅಷ್ಟು ವರ್ಷ ಯಾರಾದ್ರೂ ಒಬ್ರು ಬಾಯಿ ಬಿಟ್ರಾ? ಪಾಡೋದು ಕಮ್ಮಿ ಆಯ್ತು, ಮುನಿಸ್ಕೊಂಡಿದೆ ಅಂತ ನಾನು ಇನ್ನೂ ಬಳ್ದೆ. ಮನೆ ತುಂಬಾ ಜನ, ಒಬ್ಬರಿಗೂ ನಾಲಿಗೆ ಇಲ್ಲ!" ಎಂದು ಬೈದರು. ಆಮೇಲೆ, "ಕೊಡು ಅದೇನೋ ಎಣ್ಣೇನಾ. ನಾನು ಹಚ್ಚಿದ್ದು, ನಾನೇ ತೆಗೀತೀನಿ" ಎಂದು ಕೂತುಬಿಟ್ಟರು. ಸ್ಪಿರಿಟ್ ವಾಸನೆಗೆ ಮೂಗು ಮುರಿದರು. ಹಳೇ ಪಂಚೆ ಹರಿದು, ಮೂರು ಪಟ್ಟಿಗಳನ್ನೂ ಮಗುವಿನ ಮೈ ತೊಳೆದ ಹಾಗೆ ತಿಕ್ಕಿದರು. ನಾನು ಹೆದರಿ ಪ್ಲಗ್ ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ನಿಂತಿದ್ದೆ. ನಂತರ ಎದ್ದು, ಬಟ್ಟಲು ತೆಗೆದುಕೊಂಡು, ನಿಂತ ಗಾಜಿನ ಮುಂದೆ ಹೋದರು. "ಪಾಡೋರಿಗೆ ಹಣೆಗೆ ಇಡ್ತಾರೆ, ಗಂಟಲಿಗೆ ಯಾರು ಇಡ್ತಾರೆ?" ಕೆಂಪು ಗೌನಿನವಳಿಗೆ ಹೊಸ ಬೊಟ್ಟು ಇಟ್ಟರು. ಕಹಳೆಯವನಿಗೆ, ಡ್ರಮ್ಮಿನವನಿಗೆ ವಿಭೂತಿ. ಒಳಗೆ ಒಂದನ್ನೂ ಇಡಲಿಲ್ಲ.

ಅಷ್ಟರಲ್ಲಿ ಟೆಂಪೋ ಬಂತು. ಭೂಪತಿ ಕೈ ಕಟ್ಟಿ ನಿಂತ. ಟೀ ಕುಡಿಯುವವರೆಲ್ಲ ಲೋಟ ಹಿಡಿದು ಹತ್ತಿರ ಬಂದರು. "ಓಡಿಸಿ ಅತ್ತಿಗೆ, ನೋಡೋಣ. ಯಾರು ಆಡ್ತಾರೆ, ಅಣ್ಣನಾ?" ಯಜಮಾನರು ತಲೆ ಆಡಿಸುವ ಮೊದಲೇ ನಾನು ಸೆರಗು ಸಿಕ್ಕಿಸಿ ಮುಂದೆ ನಿಂತೆ. ಒಬ್ಬರು ನಕ್ಕರು. ಕೈ ನಡುಗಿತು ಅಣ್ಣಾ, ಇದರ ಮುಂದೆ ಎಂದೂ ನಡುಗದ ಕೈ. ಮಿಷಿನ್ ಅಲುಗಿತು. ಅಲುಗಿಸಿದರೆ ಮೋಸ ಎಂದು ಅದು ಆ ಗುಂಡನ್ನು ಸಾಯಿಸಿಬಿಡುತ್ತದೆ. ಎಲ್ಲ ನಿಂತುಹೋಯಿತು, ಗುಂಡು ಸುಮ್ಮನೆ ಒಳಗೆ ಇಳಿಯಿತು. ಟೆಂಪೋದವನು ಹಗ್ಗ ಬಿಚ್ಚತೊಡಗಿದ.

"ಹಗ್ಗ ಕಟ್ಟಪ್ಪಾ ಸುಮ್ನೆ" ಎಂದರು ಅತ್ತೆ. "ಇನ್ನೂ ಗುಂಡುಗಳಿವೆ. ಏ ಭೂಪತಿ, ಗೋಡೆ ಮೇಲಿರೋ ಆ ನಂಬರು ಯಾರದ್ದು ಗೊತ್ತಾ? ನಿಮ್ಮಣ್ಣಂದಲ್ಲ, ಇವಳದ್ದು. ನಾನು ಮಲಗ್ತಿದ್ದದ್ದು ಆ ಗೋಡೆಯ ಆ ಕಡೆ. ದಿನಾ ಬೆಳಿಗ್ಗೆ ಅದು ಪಾಡಿದ ಮೇಲೇ ನಾನು ಏಳ್ತಿದ್ದದ್ದು. ನನ್ನ ಮಗ ಆ ಹೊತ್ತಲ್ಲಿ ಗೊರಕೆ ಹೊಡೀತಿದ್ದ, ಅದೂ ಕೇಳ್ತಿತ್ತು."

ಎಲ್ಲರೂ ನಕ್ಕರು. ಈ ಸಲ ನನ್ನನ್ನು ನೋಡಿ ಅಲ್ಲ. ಯಜಮಾನರು ಮೀಸೆ ಒಳಗೇ ನಗುತ್ತಾ ತಲೆ ಆಡಿಸಿದರು.

ಎರಡನೇ ಗುಂಡು ಎಳೆದು ಬಿಟ್ಟೆ. ಕೈ ಆಗಲೂ ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟೆ, ಬೆರಳನ್ನು ಮಾತ್ರ ಗುಂಡಿಯ ಮೇಲೆ ಇಟ್ಟುಕೊಂಡೆ. ಗುಂಡು ಕಂಬಕ್ಕೆ ತಾಗಿತು, ಗಂಟೆ ಹೊಡೆಯಿತು. ರಸ್ತೆಯ ಆ ಕಡೆ ಬಾಳೆಕಂದು ಮಾರುವವನು ತಿರುಗಿ ನೋಡಿದ. ಗೋಡೆಯ ಅಂಕಿಯನ್ನು ದಾಟಲಿಲ್ಲ ಅಣ್ಣಾ, ಹತ್ತಿರವೂ ಹೋಗಲಿಲ್ಲ. ಆದರೆ ಕೊನೆಯ ಗುಂಡಿನ ತನಕ ಓಡಿತು. ಭೂಪತಿ, "ತಳ್ಳಿ, ಇದೇನು ಮಹಾ" ಎಂದು ತಾನೂ ಆಡಿ, ನನಗಿಂತ ಕಡಿಮೆ ಮಾಡಿ, ಮತ್ತೆ ಆಡಿ, ಇನ್ನೂ ಕಡಿಮೆ ಮಾಡಿದ. ಟೆಂಪೋದವನಿಗೆ ಪೂಜೆಯ ಪುರಿಯೂ ಕಡಲೆಯೂ ಕೊಟ್ಟು ಕಳಿಸಿದೆವು. ಐಸ್‌ಕ್ರೀಮ್ ಪೆಟ್ಟಿಗೆ ಹೊರಗೆ ಚಾವಣಿ ಕೆಳಗೆ ಬರುತ್ತದಂತೆ. ಅಲ್ಲಿ ಮಳೆ ಹೊಡೆದರೆ ಏನು ಗತಿ ಎಂದು ನನಗೆ ಈಗಲೇ ಯೋಚನೆ.

ಈಗ ನೀವು ಕೇಳಿದ್ದನ್ನು ಬರೆಯುತ್ತೇನೆ.

ಸಣ್ಣ ಪಟ್ಟಿ: ಟೀಗೆ ಸಕ್ಕರೆ ಕಲಕಿ, ಕೊನೆಯಲ್ಲಿ ಚಮಚವನ್ನು ಲೋಟದ ಅಂಚಿಗೆ ಒಂದು ಸಲ ತಟ್ಟುತ್ತೇವಲ್ಲ, ಆ ಸದ್ದು. ಆದರೆ ಲೋಟ ಖಾಲಿ ಇರಬೇಕು, ತೊಳೆದು ಒಣಗಿರಬೇಕು.

ನಡುವಿನದು: ನಿಮ್ಮ ಹಳೇ ಕಪ್ಪು ಫೋನು ಬೇರೆ ಯಾರದೋ ಮನೆಯಲ್ಲಿ ಹೊಡೆಯಲು ಶುರು ಮಾಡಿ, ಒಂದೇ ಸಲಕ್ಕೆ ಯಾರೋ ಎತ್ತಿಕೊಂಡ ಹಾಗೆ.

ದೊಡ್ಡದಕ್ಕೆ ನನಗೆ ಮಾತು ಸಿಗಲಿಲ್ಲ. ನಿನ್ನೆಯಿಂದ ಪೆನ್ನು ಹಿಡಿದು ಕೂತಿದ್ದೇನೆ. ದೇವಸ್ಥಾನದ ಗಂಟೆ ಎಂದು ಬರೆದು ಹೊಡೆದು ಹಾಕಿದೆ, ಅದು ಹಾಗಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಅವರೆ ಬಿಡಿಸುತ್ತಿದ್ದಾರೆ. "ಏನು ಅಷ್ಟು ಯೋಚ್ನೆ?" ಎಂದರು. ಕಿವಿ ಕೇಳಿಸದ ಒಬ್ಬ ಅಣ್ಣನಿಗೆ ದೊಡ್ಡ ಗಂಟೆ ಹೇಗಿದೆ ಎಂದು ಬರೆಯಬೇಕು ಎಂದೆ. ಅವರು ಅವರೆಯನ್ನು ಮಡಿಲಲ್ಲೇ ಬಿಟ್ಟು ಆ ಗೋಡೆಯ ಕಡೆ ನೋಡಿದರು.

"ನಿದ್ದೆ ಬಿಟ್ಟು, ಕಣ್ಣು ಮುಚ್ಕೊಂಡೇ ಮಲಗಿರ್ತೀವಲ್ಲ" ಎಂದರು. "ಆಗ ಗೋಡೆ ಆ ಕಡೆಯಿಂದ ಅದು ಬಂದ್ರೆ, ಮನೇಲಿ ಯಾರೋ ಎದ್ದಿದಾರೆ, ಒಲೆ ಹತ್ತಿದೆ, ಇನ್ನೂ ಸ್ವಲ್ಪ ಮಲಗ್ಬೋದು ಅನ್ನಿಸತ್ತೆ. ಹಂಗಿರತ್ತೆ ಅಂತ ಬರಿ."

ಹಾಗೇ ಬರೆದಿದ್ದೇನೆ.

ನಿಮ್ಮ ತಂಗಿ,
ಕಮಲಾತಾಳ್